ಆಶೀರ್ವಾದಕ್ಕೆ ಜಾಗವಿಲ್ಲ

ಒಂದೇ ಸಲಕ್ಕೆ ತೃಪ್ತಿಪಡುವ ಸ್ವಭಾವ ನನ್ನದಲ್ಲ. ಕುದ್ದ ಟೀಗೂ "ಇನ್ನೊಂದು ಕುದಿ ಬರಲಿ" ಎನ್ನುತ್ತೇನೆ. ಹೆಂಡತಿ ಈಗ ಪಾತ್ರೆಯನ್ನು ನನ್ನ ಕೈಗೇ ಕೊಟ್ಟು ಹೋಗುತ್ತಾಳೆ. ಇಂಥವನ ಕೈಗೆ ಡಿಜಿಟಲ್ ರೆಕಾರ್ಡರ್ ಕೊಟ್ಟದ್ದು ತಂಗಿಯ ತಪ್ಪು.

ಅವಳ ಮದುವೆ ಹತ್ತಿರ ಬಂದಿತ್ತು. ನಮ್ಮ ನೀಲಗಿರಿಯ ಬಡಗರಲ್ಲಿ ಮದುಮಗಳು ತಲೆ ಬಗ್ಗಿಸಿದರೆ ಹಿರಿಯರು ಕೈಯಿಟ್ಟು ಬಹಳ ಹೊತ್ತು ಹರಸುತ್ತಾರೆ. ಮುಗಿಯುವ ತನಕ ತಲೆ ಎತ್ತುವಂತಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ಹೆತ್ತೆಯದು, ಅಂದರೆ ಅಜ್ಜಿಯದು. ಅಷ್ಟರಲ್ಲಿ ಹೆತ್ತೆಗೆ ಗಂಟಲಿನ ಆಪರೇಷನ್ ನಿಗದಿಯಾಯಿತು. ಆಮೇಲೆ ಧ್ವನಿ ಉಳಿಯುತ್ತದೋ ಇಲ್ಲವೋ, ಡಾಕ್ಟರೂ ಹೇಳಲಿಲ್ಲ. ತಂಗಿ ಅತ್ತಳು. ನನಗೂ ಅಳು ಬಂತು. ಕೊಯಮತ್ತೂರಿಗೆ ಹೊರಡುವ ಹಿಂದಿನ ದಿನ ರೆಕಾರ್ಡರ್ ಹಿಡಿದು ಕೂತೆ.

ಹೆತ್ತೆ ಮೊದಲ ಸಲವೇ ಸೊಗಸಾಗಿ ಹರಸಿದಳು. ನಡುವೆ ಟೀ ಎಲೆಯ ಲಾರಿ ಹಾರ್ನ್ ಹೊಡೆಯಿತು. "ಸರಿ ಆಗಿಲ್ಲೆ ಹೆತ್ತೆ, ಇನ್ನೊಂದು ಸಲ" ಎಂದೆ. ಎರಡನೆಯದಕ್ಕೆ ನಾಯಿ, ಮೂರನೆಯದಕ್ಕೆ ಪಕ್ಕದ ಮನೆಯ ಕುಕ್ಕರ್. ಹಳೇ ಕ್ಯಾಸೆಟ್ಟಿನ ಹಾಗೆ ಹೊಸದು ಬಂದರೆ ಹಳೆಯದು ಅಳಿಯುತ್ತದೆ ಎಂದು ನಾನು ನಂಬಿದ್ದೆ. ಪುಣ್ಯಾತ್ಮ ಯಂತ್ರ ಒಂದನ್ನೂ ಬಿಡದೆ ಕೂಡಿಟ್ಟಿತ್ತು! ಆರನೆಯ ಸಲ, ಹೆತ್ತೆಯ ಸ್ವರ ಒಡೆಯತೊಡಗಿದ ಹೊತ್ತಿಗೆ, "ಡಿಸ್ಕ್ ಫುಲ್" ಎಂದು ನಿಂತುಬಿಟ್ಟಿತು.

ಹಳೆಯದನ್ನು ಅಳಿಸುತ್ತೇನೆ ಎಂದದ್ದೇ ತಡ, ಹೆತ್ತೆ ಕೆರಳಿದಳು. "ಹರಸಿದ ಮಾತ ಅಳಿಸುವದುಂಟಾ ಮಗಾ? ಯಾವದ ಅಳಿಸುವೆ? ಮಕ್ಕಳ ಕೊಟ್ಟದಾ, ಆಯುಸ್ಸ ಕೊಟ್ಟದಾ?" ನಿಜ, ಆಕೆ ಒಂದೊಂದು ಸಲ ಒಂದೊಂದನ್ನು ಹರಸಿದ್ದಳು. ಎರಡನೆಯದರಲ್ಲಿ ಎಮ್ಮೆ, ನಾಲ್ಕನೆಯದರಲ್ಲಿ ಜಗಳವಾಡದ ಅತ್ತೆ. ಅತ್ತೆಯನ್ನು ಅಳಿಸಿದರೆ ತಂಗಿ ನನ್ನನ್ನು ಬಿಟ್ಟಾಳೆಯೇ? ಫೈಲುಗಳ ಪಟ್ಟಿ ತೆರೆದು ನೋಡಿದೆ. ಆಶೀರ್ವಾದಗಳು ಹಿಡಿದದ್ದು ಒಂದಿಷ್ಟೇ ಜಾಗ; ಉಳಿದದ್ದೆಲ್ಲ ನನ್ನ ಪೀಠಿಕೆ! ನಮ್ಮ ಹಟ್ಟಿಯ ಚರಿತ್ರೆಯಿಂದ ಶುರುವಾಗುವ ಅದನ್ನು, ಹೆತ್ತೆ ಬಂದು ಕೂರುವ ಮೊದಲೇ, ಬೆಳಿಗ್ಗೆಯಿಂದ ಹನ್ನೊಂದು ಸಲ ಹೇಳಿದ್ದೆ. ಮನಸ್ಸಿಲ್ಲದಿದ್ದರೂ ಹನ್ನೊಂದನ್ನೂ ಅಳಿಸಿದೆ. ಹೆತ್ತೆ ಆರನೆಯದನ್ನು ಪೂರ್ತಿ ಮಾಡಿ, ಒಂದನ್ನೂ ಬಿಡದೆ ಕೇಳಿಸಬೇಕೆಂದು ಕಟ್ಟಪ್ಪಣೆ ಮಾಡಿದಳು.

ಮದುವೆಯ ದಿನ ಹೆತ್ತೆ ಗಂಟಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಳು. ಸ್ವರ ಬಂದಿರಲಿಲ್ಲ. ತಂಗಿ ಬಗ್ಗಿದಳು, ಹೆತ್ತೆ ತಲೆಯ ಮೇಲೆ ಕೈಯಿಟ್ಟಳು, ಸ್ಪೀಕರಿನಲ್ಲಿ ಅವಳ ಮಾತು ಶುರುವಾಯಿತು. ಎಲ್ಲರ ಕಣ್ಣೂ ಒದ್ದೆಯಾಯಿತು. ಮುಗಿಯಿತೆಂದು ತಂಗಿ ತಲೆ ಎತ್ತುವಷ್ಟರಲ್ಲಿ ಇಡೀ ಚಪ್ಪರಕ್ಕೆ ನನ್ನ ಧ್ವನಿ ಕೇಳಿಸಿತು: "ಸರಿ ಆಗಿಲ್ಲೆ ಹೆತ್ತೆ, ಇನ್ನೊಂದು ಸಲ." ಹೆತ್ತೆ ಸದ್ದಿಲ್ಲದೆ ನಗುತ್ತಾ ತಂಗಿಯ ತಲೆಯನ್ನು ಮತ್ತೆ ಬಗ್ಗಿಸಿದಳು. ಹೀಗೆ ಐದು ಸಲ. ಲಾರಿ, ನಾಯಿ, ಕುಕ್ಕರ್ ಯಾವುದೂ ಅಡ್ಡ ಬರದೆ ಆ ದಿನ ಸ್ಪಷ್ಟವಾಗಿ ಕೇಳಿಸಿದ್ದು ನನ್ನ ಆ ಒಂದು ಮಾತು ಮಾತ್ರ.