ಹುಳದ ಮನೆಯಲ್ಲಿ ರೈಲು

ಕೆಲಸವಿಲ್ಲದೆ ಕೂತವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಕೆಲಸವಲ್ಲದ್ದನ್ನು ಕೆಲಸದ ಹಾಗೆ ಮಾಡುತ್ತಾ ಕೂತವರನ್ನು ಕಂಡರಂತೂ ಮೈಯೆಲ್ಲಾ ಉರಿಯುತ್ತದೆ. ಸುಮ್ಮನೆ ಕೂತವನನ್ನು ‘ಏಳಯ್ಯಾ, ಆ ಸೊಪ್ಪಿನ ಹೊರೆ ಇಳಿಸು’ ಎಂದು ಎಬ್ಬಿಸಬಹುದು. ಬೆಂಕಿಕಡ್ಡಿಗೆ ಬಣ್ಣ ಬಳಿಯುತ್ತಾ, ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಹೊರಗಿಟ್ಟುಕೊಂಡು ಕೂತವನನ್ನು ಏನೆಂದು ಎಬ್ಬಿಸುವುದು? ‘ಒಂದ್ನಿಮಿಷ ಅಮ್ಮ, ಅಂಟು ಒಣಗ್ತಾ ಇದೆ’ ಅನ್ನುತ್ತಾನೆ. ಅಂಟು ಒಣಗುವ ತನಕ ಲೋಕವೆಲ್ಲ ನಿಂತಿರಬೇಕು. ಇಂಥವರು ಮೂರು ಜನ ನನ್ನ ಹುಳದ ಮನೆಗೇ ಬಂದು ಸೇರಿಕೊಂಡರು. ಸೇರಿಸಿಕೊಂಡವಳು ನಾನೇ. ಅದನ್ನು ಬೇರೆಯವರು ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ.

ಹುಳದ ಮನೆ ಎಂದರೆ ಶಿಡ್ಲಘಟ್ಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ: ರೇಷ್ಮೆ ಹುಳ ಸಾಕುವ ಉದ್ದನೆಯ ಶೆಡ್ಡು. ನಮ್ಮದು ಮೇಲೂರಿನಿಂದ ಸ್ವಲ್ಪ ಆಚೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿದೆ. ಹೊಲ ಮಗನದು, ಅಡುಗೆಮನೆ ಸೊಸೆ ಪುಷ್ಪಂದು, ಹುಳ ನನ್ನದು. ಒಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಮಂಚದ ಹಾಗೆ ಹಾಯುವ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಸೊಪ್ಪಿನ ಕಡ್ಡಿ ಹಾಸಿ ಹುಳ ಬಿಡುತ್ತೇವೆ. ಹಸಿದ ಹುಳಗಳು ಒಟ್ಟಿಗೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಸದ್ದು. ಆ ಸದ್ದಿಗೆ ನನಗೆ ಬರುವಷ್ಟು ನಿದ್ದೆ ಯಾವ ಹಾಸಿಗೆಯಲ್ಲೂ ಬಂದಿಲ್ಲ. ತೋಟ ಸವರಿದ ಮೇಲೆ ಹೊಸ ಸೊಪ್ಪು ಬರುವವರೆಗೆ ಶೆಡ್ಡು ಖಾಲಿ. ಆ ಖಾಲಿ ಹೊತ್ತಿನಲ್ಲೇ ಇವರು ಬಂದದ್ದು.

ಮೂವರಲ್ಲಿ ದೊಡ್ಡವರು ಚಿಕ್ಕಬಳ್ಳಾಪುರದ ನಾಗಭೂಷಣ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ರಿಟೈರಾದವರು. ಇನ್ನೊಬ್ಬಳು ಚಿಂತಾಮಣಿಯ ಹಲ್ಲಿನ ಡಾಕ್ಟರಮ್ಮ, ವಸುಧಾ. ಮೂರನೆಯವರು ಶಿಡ್ಲಘಟ್ಟದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ನಜೀರ್ ಸಾಬರು. ನಮ್ಮ ಬೋರ್‌ವೆಲ್ಲಿನ ಮೋಟಾರು ಸುಟ್ಟಾಗೆಲ್ಲಾ ಅವರೇ ಗತಿ. ಇವರದೊಂದು ಹವ್ಯಾಸಿ ಬಳಗವಂತೆ. ಹಿಂದೆ ಈ ಕಡೆ ಓಡುತ್ತಿತ್ತಲ್ಲ ಚಿಕ್ಕ ರೈಲು, ಆ ನ್ಯಾರೋಗೇಜು, ಅದನ್ನು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಆಟಿಕೆಯಷ್ಟು ದೊಡ್ಡದಾಗಿ ಮಾಡಿ ಓಡಿಸಬೇಕಂತೆ. ಮೋಟಾರು ಕೂರಿಸೋಕೆ ಬಂದ ಸಾಬರು ನನ್ನ ಸ್ಟ್ಯಾಂಡು ನೋಡಿ, ಮದುವೆಗೆ ಹೆಣ್ಣು ನೋಡಿದವರ ಹಾಗೆ ನಿಂತುಬಿಟ್ಟರು.

“ಅರೆ ಅಮ್ಮ, ಎಷ್ಟು ಉದ್ದ! ನಮಗೆ ಇಂಥದ್ದು ಎಲ್ಲೂ ಸಿಗ್ತಿಲ್ಲ. ಮೇಷ್ಟ್ರ ಮನೇಲಿ ಊಟದ ಟೇಬಲ್ ಮೇಲೆ ರೈಲು ಶಿಡ್ಲಘಟ್ಟ ಬಿಟ್ಟ ತಕ್ಷಣ ಕೆಳಗೆ ಬೀಳ್ತದೆ.”

“ಬೀಳಲಿ. ನನಗೇನು?”

“ಹುಳ ಬರೋವರೆಗೆ ಮಾತ್ರ ಅಮ್ಮ. ನಿಮ್ಮ ಮೋಟಾರು ನನ್ನ ಜವಾಬ್ದಾರಿ.”

ಮೋಟಾರಿನ ಮಾತು ಬಂತಲ್ಲ, ಒಪ್ಪಿದೆ. ಹುಳ ಬರುವ ಮೊದಲು ಖಾಲಿ ಮಾಡಬೇಕು, ಚಪ್ಪಲಿ ಹೊರಗೆ, ಕೈಕಾಲು ತೊಳೆದು, ಬಾಗಿಲಲ್ಲಿರುವ ಸುಣ್ಣ ತುಳಿದೇ ಒಳಗೆ ಬರಬೇಕು ಎಂದೆ. “ಈಗ ಹುಳ ಇಲ್ವಲ್ಲ ಅಮ್ಮ?” ಅಂದಳು ಡಾಕ್ಟರಮ್ಮ. “ನಿನ್ನ ಕ್ಲಿನಿಕ್ಕಲ್ಲಿ ಹಲ್ಲಿಲ್ಲದೋರು ಬಂದ್ರೆ ನೀನು ಕೈ ತೊಳೆಯಲ್ವಾ?” ಎಂದೆ. ಆಮೇಲೆ ತೆಪ್ಪಗೆ ತೊಳೆದರು.

ಪ್ಲೈವುಡ್ಡು ತಂದು ಸ್ಟ್ಯಾಂಡಿನ ಮೇಲೆ ಹಾಸಿದರು. ಹಾಸಿದ್ದಷ್ಟೇ ಆಗಿದ್ದರೆ ತೆಗೆಯಬಹುದಿತ್ತು. ಅಲ್ಲಾಡಬಾರದೆಂದು ಬೋಲ್ಟು ಬಿಗಿದು, ಮೇಲೆ ಅಂಟು ಸುರಿದು, ಒಂದೇ ಹಲಗೆಯ ಹಾಗೆ ಮಾಡಿಬಿಟ್ಟರು. ಆಗ ನನಗೆ ತೋಚಲಿಲ್ಲ. ಥರ್ಮಕೋಲಿನಲ್ಲಿ ನಂದಿ ಬೆಟ್ಟ ಬಂತು. ಕುದಿಸಿ ಬಿಸಾಕುವ ಟೀ ಚರಟ ಒಣಗಿಸಿ ಚೆಲ್ಲಿದರೆ ಅದೇ ಹೊಲದ ಮಣ್ಣು. ಪಾತ್ರೆ ಉಜ್ಜುವ ನಾರು ಹುಣಿಸೆ ಮರ. ಪುಷ್ಪ ದಿನಾ ಬೆಳಿಗ್ಗೆ ಟೀ ಚರಟ ತಂದುಕೊಟ್ಟು, “ಅತ್ತೆ, ನಮ್ಮ ಹೊಲಕ್ಕಿಂತ ಇವರ ಹೊಲಕ್ಕೇ ಗೊಬ್ಬರ ಜಾಸ್ತಿ ಬೀಳ್ತಾ ಇದೆ” ಅನ್ನುತ್ತಿದ್ದಳು. ಡಾಕ್ಟರಮ್ಮ ಹಲ್ಲು ಕೆರೆಯುವ ಸಾಮಾನನ್ನೇ ತಂದು ಹಳಿಗಳ ಮಧ್ಯೆ ಜಲ್ಲಿ ಕೂರಿಸುತ್ತಿದ್ದಳು. ಬಾಯಿ ಬಿಟ್ಟುಕೊಂಡು ಮಲಗಿದ್ದ ಭೂಮಿಯ ಹಾಗೆ ಕಾಣುತ್ತಿತ್ತು, ಪಾಪ, ಆ ಜಾಗ. ಮೇಷ್ಟ್ರು ಅವರೆಕಾಳಿನಷ್ಟು ಜನರನ್ನು ಮಾಡಿ ಪ್ಲಾಟ್‌ಫಾರಮ್ಮಿನ ಮೇಲೆ ನಿಲ್ಲಿಸಿದರು. ಒಬ್ಬಳು ತಲೆ ಮೇಲೆ ಬುಟ್ಟಿ ಹೊತ್ತಿದ್ದಳು.

“ಇದು ನೀವೇ ಅಮ್ಮ” ಎಂದರು.

“ನಾನು ಇಷ್ಟು ದಪ್ಪ ಇರಲಿಲ್ಲ.”

“ಬಣ್ಣ ಎರಡು ಕೋಟಿಂಗ್ ಆಯ್ತು, ಅದಕ್ಕೆ.”

ಹಳೇ ಸ್ಟೇಷನ್ನು ಹೇಗಿತ್ತು ಎಂದು ನನ್ನನ್ನು ಕೂರಿಸಿ ಕೇಳಿದರು. ನಾನು ಹೇಳುವುದೇನು! ನನ್ನ ತವರು ಚಿಂತಾಮಣಿ ಕಡೆ. ಅಮ್ಮನ ಜೊತೆ ಆ ರೈಲಿನಲ್ಲಿ ಬಂದಿದ್ದೇನೆ, ಹೋಗಿದ್ದೇನೆ. ಆದರೆ ನಾನಿದ್ದದ್ದು ಜನರ ಮಂಡಿಯ ಎತ್ತರಕ್ಕೆ. ನನಗೆ ಗೊತ್ತಿರುವ ರೈಲು ಎಂದರೆ ಕಾಲುಗಳು, ಬುಟ್ಟಿಗಳು, ಯಾರದೋ ಕೋಳಿ, ಬೀಡಿ ಹೊಗೆ. “ಜಾಗ್ರತ್ತ, ಜಾಗ್ರತ್ತ” ಎಂದು ಅಮ್ಮ ತೆಲುಗಿನಲ್ಲಿ ಎಚ್ಚರಿಸುತ್ತಲೇ ತಾನು ತೂಕಡಿಸುತ್ತಿದ್ದಳು. ಕಿಟಕಿಯಲ್ಲಿ ಕತ್ತು ತೂರಿಸಿದರೆ ಗುಡ್ಡಗಳು ನಿಧಾನಕ್ಕೆ ತಿರುಗಿ ನನ್ನ ಕಡೆ ನೋಡುತ್ತಿದ್ದವು. ಆ ರೈಲಿಗೂ ಆತುರವಿರಲಿಲ್ಲ. ಎತ್ತಿನ ಗಾಡಿಯವನು ರೈಲಿನೊಳಗೆ ಕೂತವನ ಹತ್ತಿರ ಮಗಳ ಮದುವೆ ಮಾತು ಮುಗಿಸುವಷ್ಟು ದೂರ ಪಕ್ಕದಲ್ಲೇ ಬರುತ್ತಿದ್ದ. ಇಷ್ಟು ಹೇಳಿದೆ. “ಸ್ಟೇಷನ್ ಕಂಬಗಳು ಎಷ್ಟಿದ್ವು ಅಮ್ಮ?” ಎಂದು ಮೇಷ್ಟ್ರು ಕೇಳಿದರು. “ಅದನ್ನ ಕೋಳಿ ಹತ್ರ ಕೇಳಿ, ಅದನ್ನ ಕಂಬಕ್ಕೆ ಕಟ್ಟಿದ್ರು” ಎಂದೆ.

ಮಧ್ಯಾಹ್ನ ಊಟವಾದ ಮೇಲೆ ಶೆಡ್ಡಿನ ಮೂಲೆಯಲ್ಲಿ ಚಾಪೆ ಹಾಕಿ ಮಲಗುವುದು ನನ್ನ ಪದ್ಧತಿ. ಇವರು ಬಂದರೆಂದು ಬಿಡಲಿಲ್ಲ. ಸಾಬರು ಒಂದೊಂದು ತುಂಡು ಹಳಿಯ ಮೇಲೆ ಇಂಜಿನ್ನು ಬಿಟ್ಟು ಪರೀಕ್ಷೆ ಮಾಡುತ್ತಿದ್ದರು. ಅದರ ಸಣ್ಣ ಗುರ್ರ್ ಸದ್ದು ಹೋಗುತ್ತಿತ್ತು, ಬರುತ್ತಿತ್ತು. ಅರ್ಧ ನಿದ್ದೆಯಲ್ಲಿ ಅದು ಹುಳಗಳು ಮೇಯುವ ಸದ್ದೋ, ರೈಲೋ, ನನ್ನ ಗೊರಕೆಯೋ ತಿಳಿಯುತ್ತಿರಲಿಲ್ಲ. ಒಂದು ಸಲ ಕನಸಿನಲ್ಲಿ ಹುಳಗಳೇ ಸಾಲಾಗಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಟಿಕೆಟ್ಟು ಕೇಳುತ್ತಿದ್ದವು. ಎಲ್ಲಿಗೆ ಎಂದರೆ, ಸೊಪ್ಪು ಎಲ್ಲಿದೆಯೋ ಅಲ್ಲಿಗೆ ಅಂದವು. ಎಚ್ಚರವಾದಾಗ ತಲೆಯ ಮೇಲೆ ನಂದಿ ಬೆಟ್ಟ, ಅದರ ನೆತ್ತಿಯ ಮೇಲೆ ಮೇಷ್ಟ್ರ ಕನ್ನಡಕ. ಕನಸು ಮುಗಿದಿದೆಯೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿದ್ದೆ. ಇಂಥ ಮಧ್ಯಾಹ್ನಗಳು ಎಷ್ಟು ಕಳೆದವೋ. ತೋಟದಲ್ಲಿ ಸೊಪ್ಪು ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿತ್ತು.

ಸೊಪ್ಪು ಬೆಳೆದರೆ ಹುಳ ಬರಲೇಬೇಕು. ಚಾಕಿ ಕೇಂದ್ರದ ಸೀನಪ್ಪನಿಗೆ ಹೇಳಿಟ್ಟಿದ್ದೆ. ಮರಿ ಹುಳಗಳನ್ನು ಎರಡು ಸಲ ಪೊರೆ ಬಿಡಿಸಿ, ಗಟ್ಟಿ ಮಾಡಿ ರೈತರಿಗೆ ಕೊಡುವವನು ಅವನು. ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. “ಸೋಮವಾರ ಎರಡನೇ ಜ್ವರ ಎದ್ದಿರ್ತವೆ ಅಮ್ಮ” ಎಂದ. ನಾನು ಬಳಗದವರಿಗೆ ಹೇಳಿದೆ: ಶನಿವಾರ ಖಾಲಿ ಮಾಡಿ, ಭಾನುವಾರ ನನ್ನ ಮನೆ ತೊಳೆಯಬೇಕು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇನ್ನೂ ಒಂದ್ಸಲಾನೂ ಪೂರ್ತಿ ಓಡಿಲ್ಲ ಅಮ್ಮ” ಅಂದಳು ಡಾಕ್ಟರಮ್ಮ. “ಚಿಂತಾಮಣಿ ಕಡೆ ವೈರಿಂಗ್ ನಿನ್ನೆ ಮುಗೀತು.”

“ಬೇರೆ ಕಡೆ ಓಡಿಸ್ಕೊಳ್ಳಿ.”

“ಇದು ಬಿಚ್ಚೋಕೆ ಬರಲ್ಲ” ಎಂದರು ಮೇಷ್ಟ್ರು, ಮೆಲ್ಲಗೆ. “ಅಂಟು ಹಾಕಿಬಿಟ್ವಿ. ಗರಗಸದಲ್ಲಿ ಕೊಯ್ಯಬೇಕು. ಕೊಯ್ದ್ರೆ ಮತ್ತೆ ಸೇರಲ್ಲ.”

“ಇನ್ನೊಂದು ಬೆಳೆ ಬಿಟ್ಟು ಹುಳ ತಂದ್ರೆ ಆಗಲ್ವಾ?” ಎಂದರು ಸಾಬರು.

“ಸೊಪ್ಪು ನಿಮ್ಮ ರೈಲಿಗೆ ಕಾಯುತ್ತಾ? ಮೊದ್ಲೇ ನಿಮ್ಮ ಪೇಂಟು ವಾಸನೆ ಹೋಗಬೇಕು. ಪೌಡರು ಹಾಕ್ಕೊಂಡು ಬಂದ್ರೇ ಹುಳ ಬಾಯಿ ಮುಚ್ಚುತ್ತೆ. ಶನಿವಾರ ಅಂದ್ರೆ ಶನಿವಾರ.”

ಸಂಜೆ ಪುಷ್ಪ, “ಅತ್ತೆ, ಅವರ ಮುಖ ನೋಡೋಕಾಗಲಿಲ್ಲ” ಎಂದಳು. “ನೋಡಬೇಡ, ಮುದ್ದೆ ತಿರುವು” ಎಂದೆ. ನನಗೇನೂ ಅನ್ನಿಸಲಿಲ್ಲ. ಹುಳ ಸಾಕುವವಳಿಗೆ ಬಂದದ್ದೆಲ್ಲಾ ಹೋಗುವುದು ಹೊಸದಲ್ಲ. ಗೂಡು ಕಟ್ಟಿದ ಮೇಲೆ ಒಂದು ಹುಳವನ್ನೂ ನಾನು ಇಟ್ಟುಕೊಂಡವಳಲ್ಲ.

ಶನಿವಾರ ಬೆಳಿಗ್ಗೆ ಅವರು ಬರುವುದರೊಳಗೆ ಅರ್ಧ ಕೆಲಸ ಮುಗಿಸೋಣವೆಂದು ಶೆಡ್ಡಿಗೆ ಹೋದೆ. ಹೊಸ ಹುಳ ಬರುವ ಮೊದಲು ಮನೆಗೆಲ್ಲಾ ಸುಣ್ಣದ ಪುಡಿ ಹೊಡೆಯುತ್ತೇವೆ, ರೋಗ ಉಳಿಯಬಾರದು ಅಂತ. ತೆಳು ಬಟ್ಟೆಯಲ್ಲಿ ಪುಡಿ ಗಂಟು ಕಟ್ಟಿ, ಕೈಯಲ್ಲಿ ಅಲ್ಲಾಡಿಸುತ್ತಾ ನಡೆದರೆ ನುಣ್ಣಗೆ ಉದುರುತ್ತದೆ. ಕರೆಂಟಿರಲಿಲ್ಲ. ಬಾಗಿಲಿನಿಂದ ಬಂದ ಬೆಳಕೂ ಇನ್ನೂ ಎಚ್ಚರವಾಗಿರಲಿಲ್ಲ. ಗೋಡೆಯ ಬುಡ, ನೆಲ, ಕಿಟಕಿ ಆಯಿತು. ಕೈ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು, ಕಾಲು ತನ್ನಷ್ಟಕ್ಕೆ ಸ್ಟ್ಯಾಂಡಿನ ಉದ್ದಕ್ಕೂ ನಡೆಯುತ್ತಿತ್ತು, ನಾನು ಇವೆರಡರ ಹಿಂದೆ ಏನೋ ಯೋಚಿಸುತ್ತಾ ಹೋಗುತ್ತಿದ್ದೆ. ಎಷ್ಟೋ ವರ್ಷದಿಂದ ಆ ಸ್ಟ್ಯಾಂಡಿನ ಮೇಲೆ ನಾನು ಹಾಗೇ ಉದುರಿಸಿದ್ದೇನೆ. ಕೊನೆ ಮುಟ್ಟಿ ತಿರುಗಿ ನೋಡಿದರೆ, ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗೆ ಒಂದು ಊರನ್ನೂ ಬಿಟ್ಟಿರಲಿಲ್ಲ. ಬೆಟ್ಟ ಬಿಳಿ, ಹೊಲ ಬಿಳಿ, ಪ್ಲಾಟ್‌ಫಾರಮ್ಮಿನ ಜನವೆಲ್ಲ ಬಿಳಿ.

ಹೇಗೂ ಕೊಯ್ಯುವುದೇ ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಹೊರಗೆ ಅವರ ಕಾರಿನ ಸದ್ದು ಕೇಳಿದಾಗ ಸುಣ್ಣದ ಗಂಟನ್ನು ಸೆರಗಿನ ಹಿಂದೆ ಇಟ್ಟುಕೊಂಡೆ.

ಸಾಬರ ಕೈಯಲ್ಲಿ ಗರಗಸ. ಬಾಗಿಲಲ್ಲೇ ನಿಂತರು. ಮೇಷ್ಟ್ರು ನಿಂತರು. ಬೈಯಲಿ, ನಾನೂ ಬೈಯುತ್ತೇನೆ ಎಂದು ಗಂಟಲು ಸರಿಮಾಡಿಕೊಂಡೆ. ಡಾಕ್ಟರಮ್ಮ ಮೆಲ್ಲಗೆ ಬಂದು, ನೆಲದ ಮೇಲೆ ಮಂಡಿಯೂರಿ, ಗಲ್ಲವನ್ನು ಹಲಗೆಯ ಅಂಚಿಗಿಟ್ಟು ನೋಡಿದಳು.

“ಮಂಜು” ಎಂದಳು. “ಮೇಷ್ಟ್ರೇ, ಇಲ್ಲಿ ಬನ್ನಿ, ಕೆಳಗಿಂದ ನೋಡಿ. ಧನುರ್ಮಾಸದ ಬೆಳಗಿನ ಮಂಜು.”

ಮೇಷ್ಟ್ರು ಮಂಡಿಯೂರಿದರು. ಸಾಬರು ಗರಗಸ ಇಟ್ಟು ಮಂಡಿಯೂರಿದರು. ಮೂವರೂ ಏಳಲಿಲ್ಲ. “ಇಷ್ಟು ದಿನ ಏನೋ ಕಮ್ಮಿ ಅನ್ನಿಸ್ತಿತ್ತು ನೋಡಿ” ಎಂದರು ಮೇಷ್ಟ್ರು, ದೇವಸ್ಥಾನದಲ್ಲಿ ಮಾತಾಡುವ ದನಿಯಲ್ಲಿ. “ಹೇಗೆ ಮಾಡಿದ್ರಿ ಅಮ್ಮ?”

“ಹೇಗೋ ಮಾಡಿದೆ” ಎಂದೆ. ಸುಳ್ಳೇನಲ್ಲವಲ್ಲ.

ಸಾಬರು ಎದ್ದರು. “ಕೊಯ್ಯೋ ಮುಂಚೆ ಒಂದ್ಸಲ ಓಡಿಸಿಬಿಡೋಣ. ಆಮೇಲೆ ಅಮ್ಮನ ಮನೆ ಅಮ್ಮಂಗೆ.” ಅಷ್ಟು ಹೊತ್ತಿಗೆ ಕರೆಂಟೂ ಬಂತು. ಗುಂಡಿ ಒತ್ತಿದರು. ರೈಲು ಒಂದು ಗೇಣು ಹೋಗಿ ನಿಂತಿತು. ಹಳಿಯ ಮೇಲೆ ಸುಣ್ಣ ಕೂತರೆ ಕರೆಂಟು ಹರಿಯುವುದಿಲ್ಲವಂತೆ. ಎಲ್ಲರೂ ಬಟ್ಟೆಯ ಚೂರು ಬೆರಳಿಗೆ ಸುತ್ತಿಕೊಂಡು ಹಳಿ ಒರೆಸಲು ಕೂತರು. ಪಕ್ಕದ ಮಂಜು ಕೆಡಬಾರದು, ಹಳಿ ಮಾತ್ರ ಮಿನುಗಬೇಕು. ಮಾಡಿದವಳು ನಾನು, ನೋಡುತ್ತಾ ನಿಂತರೆ ಚೆನ್ನಾಗಿರುವುದಿಲ್ಲವೆಂದು ನಾನೂ ಸೆರಗಿನ ತುದಿ ಸುತ್ತಿಕೊಂಡೆ. ಹುಳ ಎತ್ತುವಾಗ ಬೆರಳು ಎಷ್ಟು ಹಗುರಿರಬೇಕೋ ಅಷ್ಟೇ ಹಗುರ. ಟೀ ತಂದ ಪುಷ್ಪ ನಮ್ಮನ್ನು ನೋಡಿ, ಲೋಟ ಇಟ್ಟು, ತಾನೂ ಒಂದು ಕಡೆ ಕೂತಳು.

ಮತ್ತೆ ಗುಂಡಿ ಒತ್ತಿದರು. ಮಂಡಿ ನೋವಿದ್ದರೂ ನಾನು ಎಲ್ಲರ ಹಾಗೆ ಗಲ್ಲ ಹಲಗೆಗಿಟ್ಟುಕೊಂಡಿದ್ದೆ. ರೈಲು ಚಿಕ್ಕಬಳ್ಳಾಪುರ ಬಿಟ್ಟಿತು. ಬೆಟ್ಟದ ಹಿಂದೆ ಹೋಗಿ, ಇನ್ನು ಬರುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು ತೆಗೆದುಕೊಂಡು, ಮಂಜಿನಿಂದ ಹೊರಗೆ ಬಂತು. ಬಿಳಿ ಹೊಲಗಳ ಮಧ್ಯೆ ಯಾವ ಆತುರವೂ ಇಲ್ಲದೆ ಬಂತು. ಅಷ್ಟು ಹತ್ತಿರದಿಂದ ನೋಡಿದರೆ ಅದು ಚಿಕ್ಕದಲ್ಲ. ಗುಡ್ಡಗಳು ತಿರುಗಿ ನನ್ನ ಕಡೆ ನೋಡಿದವು. ನಾನು ಒಳಗಿದ್ದೆನೋ ಹೊರಗಿದ್ದೆನೋ ಗೊತ್ತಾಗಲಿಲ್ಲ. ಯಾರದೋ ಭುಜಕ್ಕೆ ಒರಗಿದ್ದೆ, ಅದು ಡಾಕ್ಟರಮ್ಮಂದು ಎಂದು ಆಮೇಲೆ ತಿಳಿಯಿತು. ಶಿಡ್ಲಘಟ್ಟದಲ್ಲಿ ನಿಂತಿತು. ಯಾರೂ ಹತ್ತಲಿಲ್ಲ, ಇಳಿಯಲಿಲ್ಲ. ಹೊರಟಿತು. ಚಿಂತಾಮಣಿ ಮುಟ್ಟಿದಾಗ ಸಾಬರು ಕಣ್ಣು ಒರೆಸಿಕೊಂಡು ಸುಣ್ಣ ಬಿತ್ತು ಎಂದರು. ಬಿದ್ದಿರಬಹುದು.

ಆಗ ನನ್ನ ಫೋನು ಹೊಡೆದುಕೊಂಡಿತು. ಸೀನಪ್ಪ.

“ಅಮ್ಮ, ಹುಳ ಏಳ್ತಾ ಇದಾವೆ. ಸೋಮವಾರ ಬೆಳಗ್ಗೆ ಕಳಿಸ್ಲಾ? ಮನೆ ರೆಡಿನಾ?”

ಮೇಷ್ಟ್ರು ಗರಗಸದ ಕಡೆ ನೋಡಿದರು. ನಾನು ರೈಲಿನ ಕಡೆ ನೋಡಿದೆ.

“ಎಲ್ಲಿ ರೆಡಿ ಸೀನಪ್ಪ. ಈ ರೈಲಿನೋರು ಪೇಂಟು ಹೊಡೆದು ಇಟ್ಟವರೆ, ವಾಸನೆ ತಲೆಗೇರುತ್ತೆ. ಹುಳ ಉಳಿಯಲ್ಲ. ಈ ಸಲದ್ದು ಬೇರೆ ಯಾರಿಗಾದ್ರೂ ಕೊಡಪ್ಪ.”

“ಮತ್ತೆ ಸೊಪ್ಪು?”

“ಸೊಪ್ಪು ಕೊಳ್ಳೋರು ಊರಲ್ಲಿಲ್ವಾ? ನಿನಗ್ಯಾಕೆ ಅದು. ಇಡು ಫೋನು.”

ಪುಷ್ಪ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಮೇಷ್ಟ್ರು ಸರಳ ಮನುಷ್ಯರು, ಅವರಿಗೆ ಎಲ್ಲಿ ಸುಮ್ಮನಿರಬೇಕೆಂದು ತಿಳಿಯುವುದಿಲ್ಲ.

“ಅಮ್ಮ, ನಾವು ಪೇಂಟು ಮುಟ್ಟಿ ಎಷ್ಟೋ ದಿನ ಆಯ್ತಲ್ಲ! ಇಲ್ಲಿ ಸುಣ್ಣದ ವಾಸನೆ ಬಿಟ್ರೆ ಏನೂ ಇಲ್ವಲ್ಲ!”

“ಇಲ್ಲ ಅಂದ್ರೆ ಬಾಯಿ ಬಿಟ್ಕೊಂಡು ಏನ್ ನೋಡ್ತೀರಾ ಮೇಷ್ಟ್ರೇ?” ಎಂದೆ. “ಡಬ್ಬಿ ತೆಗೀರಿ, ಏನಕ್ಕಾದ್ರೂ ಬಳೀರಿ. ಸೀನಪ್ಪ ಅನುಮಾನದ ಮನುಷ್ಯ, ಸಂಜೆ ಬಂದು ಮೂಸಿ ನೋಡಿದ್ರೂ ನೋಡ್ದ. ಈ ವಯಸ್ಸಲ್ಲಿ ನನ್ನನ್ನ ಸುಳ್ಳಿ ಮಾಡಬೇಡಿ.”