ಲೂಕಪ್ಪ ಮಾಸ್ತರರ ಹುಂಜ

ಕ್ರಿಸ್ಮಸ್ಸಿನ ಬೆಳಗಿನ ಪ್ರಾರ್ಥನೆಯಲ್ಲಿ ಪಾದ್ರಿಗಳು ಆ ಒಂದು ಮಾತು ಹೇಳದಿದ್ದರೆ ಲೂಕಪ್ಪ ಮಾಸ್ತರರು ಮಧ್ಯಾಹ್ನ ಕೋಳಿ ಸಾರಿನಲ್ಲಿ ರೊಟ್ಟಿ ಮುರಿದು ಉಂಡು ಸುಖವಾಗಿ ಮಲಗುತ್ತಿದ್ದರು.

"ದೇವರು ಕೊಟ್ಟದ್ದನ್ನು ಬಾಗಿಲು ಮುಚ್ಚಿಕೊಂಡು ಉಂಡರೆ ಅದು ಹೊಟ್ಟೆ ತುಂಬಿದ್ದು, ಹಬ್ಬವಲ್ಲ," ಎಂದು ಹೇಳಿ ಪಾದ್ರಿಗಳು ಸೈಕಲ್ ಹತ್ತಿ ಗೋಕಾಕಕ್ಕೆ ಹೋಗಿಬಿಟ್ಟರು. ಮಾತು ಮಾತ್ರ ಅಂಕಲಗಿಯಲ್ಲಿ, ಮಾಸ್ತರರ ಎದೆಯಲ್ಲಿ ಉಳಿಯಿತು.

ಮನೆಯಲ್ಲಿ ಹೆಂಡತಿ ಮಾರ್ಥವ್ವ ಮಸಾಲೆ ಅರೆಯುತ್ತಿದ್ದಳು. ಹತ್ತು ತಿಂಗಳು ಜೋಳ ತಿಂದು ಬೆಳೆದ ಹುಂಜ, ತಪಾಸಣೆಗೆ ಬಂದ ಕಲೆಕ್ಟರ್ ಸಾಹೇಬರಂತೆ ಹಿತ್ತಲಲ್ಲಿ ತಿರುಗುತ್ತಿತ್ತು.

"ಇವತ್ತ ಬಾಜೂಮನಿ ಗುರುಲಿಂಗಪ್ಪನವರನ್ನ, ಎದರ ಮನಿ ನೇಮಣ್ಣನವರನ್ನ ಊಟಕ್ಕ ಕರೀತೇನಿ," ಎಂದರು ಮಾಸ್ತರರು.

"ಒಬ್ಬರು ಲಿಂಗಾಯತರು, ಒಬ್ಬರು ಜೈನರು. ಕೋಳಿ ತಿಂತಾರೇನ್ರಿ ಅವರು?"

ಮಾಸ್ತರರು ಇದನ್ನು ಯೋಚಿಸಿರಲಿಲ್ಲ. ಹೋಳಿಗೆ ಮಾಡಿಸಿದರಾಯಿತು, ಹುಂಜದ ಕೆಲಸ ಸಂಜೆಗೆ ಇಟ್ಟುಕೊಂಡರಾಯಿತು ಎಂದುಕೊಂಡರು.

ಬಟ್ಟೆ ಅಂಗಡಿಯ ನೇಮಣ್ಣನಿಗೆ ಬಹಳ ಸಂತೋಷವಾಯಿತು. "ಬರ್ತೇವ್ರಿ ಮಾಸ್ತರ. ಆದ್ರ ನಿಮ್ಮ ಒಲಿ ಮ್ಯಾಲಿಂದು ನಮಗ ನಡಿಯೂದಿಲ್ಲ, ಸಿಟ್ಟ ಆಗಬ್ಯಾಡ್ರಿ. ಸಾಮಾನ ನಿಮ್ಮದು, ಒಲಿ ನಮ್ಮದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಬ್ಯಾಡ. ಹೊತ್ತು ಮುಳುಗೂದ್ರಾಗ ಊಟ ಮುಗೀಬೇಕು."

ಗುರುಲಿಂಗಪ್ಪನೂ ಒಪ್ಪಿದ. "ಹೋಳಿಗಿ ಅಂದ್ರ ನಾ ಎಲ್ಲಿಗರೆ ಬರ್ತೇನಿ," ಎಂದ.

ಮಾಸ್ತರರು ಬೇಳೆ, ಬೆಲ್ಲ, ತುಪ್ಪ ಹೊತ್ತುಕೊಂಡು ನಾಲ್ಕು ಸಲ ರಸ್ತೆ ದಾಟಿದರು. ಐದನೆಯ ಸಲ ಅಕ್ಕಿಯ ಚೀಲಕ್ಕೆ ತೂತು ಬಿದ್ದದ್ದು ಅವರಿಗೆ ತಿಳಿಯಲಿಲ್ಲ, ಹುಂಜಕ್ಕೆ ತಿಳಿಯಿತು. ಕಾಳು ಹೆಕ್ಕುತ್ತ ಹೆಕ್ಕುತ್ತ ಅದು ನೇರವಾಗಿ ನೇಮಣ್ಣನ ಅಡುಗೆಮನೆ ಹೊಕ್ಕಿತು.

"ಅಗಬಾಯಿ!" ಎಂದು ನೇಮಣ್ಣನ ಹೆಂಡತಿ ಸೀತಾಬಾಯಿ ಕೂಗಿದಳು. ಲಟ್ಟಣಿಗೆ ಹಿಡಿದು ಅವಳು, ಕೂಗು ಕೇಳಿ ಓಡಿಬಂದು ಕೋಲು ಹಿಡಿದ ಗುರುಲಿಂಗಪ್ಪ, ಬರಿಗೈಯಲ್ಲಿ ಮಾಸ್ತರರು ಬೆನ್ನು ಹತ್ತಿದರು. ದಿಕ್ಕು ತೋಚದ ಹುಂಜ ಹಾರಿ, ಪಡಸಾಲೆಯಲ್ಲಿ ಕೂತಿದ್ದ ನೇಮಣ್ಣನ ತೊಡೆಯ ಮೇಲೆ ಇಳಿದು ಕಣ್ಣು ಮುಚ್ಚಿತು.

ನೇಮಣ್ಣ ಅಲುಗಾಡಲಿಲ್ಲ. ನಡುಗುವ ಅದರ ಬೆನ್ನ ಮೇಲೆ ಮೆಲ್ಲಗೆ ಕೈ ಇಟ್ಟ. ಅವನ ಕಣ್ಣು ತುಂಬಿ ಬಂತು.

"ಮಾಸ್ತರ, ಜೀವಾ ಉಳಸಂತ ನನ್ನ ಕಡೆ ಬಂದೈತಿದು. ನಿಮ್ಮ ದೇವರು ಹುಟ್ಟಿದ ದಿನಾ, ಇದಕ್ಕ ಜೀವದಾನ ಕೊಡ್ರಿ."

ಅಷ್ಟರಲ್ಲಿ ಓಣಿಯೇ ಬಾಗಿಲಲ್ಲಿ ನೆರೆದಿತ್ತು. ಮಾಸ್ತರರು ಒಮ್ಮೆ ಹುಂಜವನ್ನು, ಒಮ್ಮೆ ಓಣಿಯವರನ್ನು ನೋಡಿ, "ಕೊಟ್ಟೇನ್ರಿ," ಎಂದರು.

ಅಡುಗೆಮನೆ ಸಾರಿಸಿ ಮತ್ತೆ ಒಲೆ ಹೊತ್ತಿಸಿದರು. ಎಂಟು ಮಂದಿಗೆಂದು ಮಾಡಿದ ಊಟಕ್ಕೆ ಮೂವತ್ತು ಮಂದಿ ಕೂತರು. ಬಡಿಸಿ ಬಡಿಸಿ ಮಾಸ್ತರರ ಸೊಂಟ ಬಿದ್ದುಹೋಯಿತು. ತಮ್ಮ ಸರದಿ ಬಂದಾಗ ಉಳಿದದ್ದು ಅನ್ನ, ಬೆಳ್ಳುಳ್ಳಿ ಕಾಣದ ಸಾರು.

ಕೈ ತೊಳೆದ ಗುರುಲಿಂಗಪ್ಪ ಅವರ ಹತ್ತಿರ ಬಂದು ಕೂತ. "ಹದಿನೈದು ವರ್ಷಾತು ಮಾಸ್ತರ, ನಿಮ್ಮದೂ ನಮ್ಮದೂ ಒಂದ ಗ್ವಾಡಿ. ನಿಮ್ಮ ಅನ್ನದ ಋಣಾ ಇವತ್ತ ಕೂಡಿ ಬಂತು ನೋಡ್ರಿ."

ಸಪ್ಪೆ ಸಾರು ಆಮೇಲೆ ಸಲೀಸಾಗಿ ಇಳಿಯಿತು. ಹುಂಜ ಹೋದರೆ ಹೋಗಲಿ, ಹಬ್ಬ ಆಯಿತಲ್ಲ ಎಂದು ಮಾಸ್ತರರು ಹಗುರಾಗಿ ಮನೆಗೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿದರು.

ಹೊತ್ತು ಮುಳುಗುವಾಗ ನೇಮಣ್ಣ ಬಂದ. ಅವನ ಹಿಂದೆ ಇಬ್ಬರು ಹಮಾಲರು, ಅವರ ತಲೆಯ ಮೇಲೆ ಎರಡು ದೊಡ್ಡ ಬುಟ್ಟಿ. ಬುಟ್ಟಿಯೊಳಗೆ ಗದ್ದಲ.

"ನಿಮ್ಮನ್ನ ನೋಡಿ ನನಗೂ ಕೊಡೂ ಬುದ್ಧಿ ಬಂತ್ರಿ," ಎಂದ ನೇಮಣ್ಣ. ಅವನ ಮುಖ ಬೆಳಗುತ್ತಿತ್ತು. "ಸಂತ್ಯಾಗ ಮಾರಾಕ ತಂದಿದ್ದ ಹುಂಜಾ ಅಷ್ಟೂ ಬಿಡಿಸಿಕೊಂಡು ಬಂದೇನಿ. ಹದಿನೇಳು ಅದಾವು. ನಮ್ಮ ಮನ್ಯಾಗ ಕೋಳಿಗೂಡಿಲ್ಲ. ಬ್ಯಾರೇದವರ ಕೈಗೆ ಕೊಟ್ರ ಕೊಯ್ದ ತಿಂತಾರ. ಈ ಊರಾಗ ನಿಮ್ಮನ್ನ ಬಿಟ್ರ ನನಗ ಯಾರ ಮ್ಯಾಲೂ ನಂಬಿಗಿಲ್ಲ. ಸಾಯೂತನಾ ನೀವ ಸಾಕ್ರಿ."

ಮಾರ್ಥವ್ವ ಒಳಗಿನಿಂದ ಇಣುಕಿ ನೋಡಿ, ಅರೆದಿಟ್ಟ ಮಸಾಲೆ ಮುಚ್ಚಿಡಲು ಹೋದಳು.

ಹಮಾಲ ಬುಟ್ಟಿ ಇಳಿಸುವಾಗ ಒಂದು ಹುಂಜ ಜಿಗಿದು ಮಾಳಿಗೆ ಏರಿತು. ಜೀವದಾನ ಪಡೆದದ್ದನ್ನು ಬೆಕ್ಕಿನ ಬಾಯಿಗೆ ಬಿಡುವಂತಿರಲಿಲ್ಲ. ಲೂಕಪ್ಪ ಮಾಸ್ತರರು ನೇಮಣ್ಣನಿಗೆ ಕೈ ಮುಗಿದು, ಧೋತರ ಎತ್ತಿ ಕಟ್ಟಿ, ನಿಚ್ಚಣಿಕೆ ತರಲು ಹೋದರು.