ಅತ್ತೆಯ ಮಾತು ತಡವಾಗಿ ಬರುತ್ತಿದೆ

ನಮ್ಮ ಸೋದರಮಾವನ ಮನೆಯಲ್ಲಿ ಒಲೆ ಮೇಲಿನ ಹಾಲು ಇಳಿಸಬೇಕಾದರೂ ಲೈನ್ ಕ್ಲಿಯರ್ ಬೇಕು. ನಂಬುವುದಿಲ್ಲವೇ? ಚಿಕ್ಕಜಾಜೂರಿಗೆ ಬಂದು ನೋಡಿ. ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದ ಈ ಮಹಾನುಭಾವರು ಹಸಿರು ಬಾವುಟವನ್ನು ಇಲಾಖೆಗೆ ಒಪ್ಪಿಸಿ ಬಂದರೇ ಹೊರತು ಅಭ್ಯಾಸವನ್ನು ಒಪ್ಪಿಸಲಿಲ್ಲ. ರೈಲು ಬಿಡುವ ಮುನ್ನ ಎರಡು ಸ್ಟೇಷನ್‌ಗಳು ಮಾಡುವಂತೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು, ಮೊದಲಿನವರು ಹೌದೆನ್ನಬೇಕು, ಆಮೇಲೇ ಕೆಲಸ. "ಹಾಲು ಇಳಿಸ್ಲಾ?" "ಹಾಲು ಇಳಿಸು." "ಹಾಲು ಇಳಿಸ್ತೀನಿ." "ಸರಿ, ಇಳಿಸು." ಅಷ್ಟರಲ್ಲಿ ಹಾಲು ಒಲೆಯ ಪಾಲು!

"ನಿಮ್ಮ ಸಿಗ್ನಲ್ ಬೀಳೋ ಹೊತ್ತಿಗೆ ಹಾಲು ಹೊಳಲ್ಕೆರೆ ದಾಟಿರ್ತೈತೆ," ಎನ್ನುತ್ತಿದ್ದರು ಅತ್ತೆ. ಅತ್ತೆಯ ಬಾಯಿ ಅಂದರೆ ಬಾಯಿ. ಮಾವ ಒಂದು ಮಾತು ಶುರು ಮಾಡಿದರೆ ಅದು ಅರ್ಧ ದಾರಿ ಸಾಗುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟು ಮುಗಿಸಿರುತ್ತಿದ್ದರು. "ಮದುವೆ ಆದಾಗಿಂದ ನಾನು ಒಂದು ಮಾತು ಪೂರ್ತಿ ಆಡಿಲ್ಲ ಕಣವ್ವ. ಎಕ್ಸ್‌ಪ್ರೆಸ್ ಬಂತು ಅಂತ ಗೂಡ್ಸ್ ಗಾಡೀನ ಪಕ್ಕಕ್ಕೆ ನಿಲ್ಲಿಸ್ದಂಗೆ ನಿಲ್ಲಿಸ್ತಾಳೆ," ಎಂದು ಮಾವ ನನ್ನ ಹತ್ತಿರ ದೂರುತ್ತಿದ್ದರು.

ಆ ಬಾಯಿಯೇ ಒಂದು ದಿನ ನಿಂತುಹೋಯಿತು. ಗಂಟಲಲ್ಲಿ ಗಡ್ಡೆಯಾಗಿ, ಆಪರೇಷನ್ ಆಗಿ, ಅತ್ತೆ ಉಳಿದರು, ದನಿ ಉಳಿಯಲಿಲ್ಲ. ನಾನು ಹೊಳಲ್ಕೆರೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಅತ್ತೆ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವಂತೆ ಒಂದು ಲ್ಯಾಪ್‌ಟಾಪ್ ಸಿದ್ಧ ಮಾಡಿಕೊಟ್ಟೆ. ಅದರ ದನಿ ಬಲು ಸಭ್ಯ. ವಾರ್ತೆ ಓದುವ ಹೆಣ್ಣುಮಗಳು ನಮ್ಮ ಮಾವನಿಗೆ "ತಲೆ ನೆಟ್ಟಗೈತಾ ನಿಮಗೆ?" ಎಂದು ಕೇಳಿದರೆ ಹೇಗಿರುತ್ತದೆ, ಹಾಗೆ! ಬೈಗುಳಗಳನ್ನಂತೂ ಅತ್ತೆ ಒಂದೊಂದು ಗುಂಡಿಗೆ ಒಂದೊಂದರಂತೆ ಜೋಡಿಸಿಟ್ಟುಕೊಂಡರು. ಇನ್ನೂ ವೇಗ ಬೇಕೆಂದು ಮಾವ ದುರ್ಗದ ಕಂಪ್ಯೂಟರ್ ಅಂಗಡಿಗೆ ಹೋಗಿ, ಒಳಗೆ ತಿರುಗುತ್ತಿದ್ದ ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ, ತಿರುಗದೆಯೇ ಬೇಗ ಓದುವ ಎಸ್‌ಎಸ್‌ಡಿ ಹಾಕಿಸಿಕೊಂಡು ಬಂದರು.

ಹೊಸತರಲ್ಲಿ ಚೆನ್ನಾಗಿಯೇ ಇತ್ತು. ಆಮೇಲೆ ಮಾತು ತಡವಾಗತೊಡಗಿತು. ಅತ್ತೆ ಗುಂಡಿ ಒತ್ತಿದರೆ ಯಂತ್ರ ಸುಮ್ಮನೆ ಕೂತಿದ್ದು, ಮನಸ್ಸು ಬಂದಾಗ ಬಾಯಿ ಬಿಡುವುದು. ಅದರಲ್ಲೇನು ಮಹಾ ಎನ್ನುತ್ತೀರಾ? ಒಂದು ದಿನ ಪಕ್ಕದ ಮನೆಯಾಕೆ ಬಂದು, ದಿನಾ ಕೈಕೊಡುತ್ತಿದ್ದ ತಮ್ಮ ಹಳೆಯ ಬೈಕನ್ನು ಕೊನೆಗೂ ಮಾರಿದೆವು ಎಂದರು. ಅತ್ತೆ ಉತ್ತರ ಒತ್ತಿದರು. ಯಂತ್ರ ಮೌನ. ಆಕೆ ಸ್ವಲ್ಪ ಕಾದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಮ್ಮತ್ತೇನ ಆಸ್ಪತ್ರೆಗೆ ಸೇರ್ಸಿದೀವಿ ಕಣಕ್ಕ, ಉಳಿಯೋದು ಕಷ್ಟ ಅಂತಾರೆ," ಎಂದರು. ಆಗ ಯಂತ್ರ ಸ್ಪಷ್ಟ ದನಿಯಲ್ಲಿ ಹೇಳಿತು: "ಒಳ್ಳೇದಾತು ಬಿಡು. ಪೀಡೆ ತೊಲಗ್ತು."

ಆಕೆ ಎದ್ದು ಹೋದರು. ಅತ್ತೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳುವುದು, ಯಾರಾದರೂ ಬಂದರೆ ಅಡುಗೆಮನೆ ಸೇರುವುದು, ಇಷ್ಟೇ ಆಯಿತು.

ಮಾವ ನನಗೆ ಫೋನ್ ಮಾಡಿದರು. "ಎರಡನೇ ಸಲ ಮಾತು ಬಿಟ್ಟವಳೆ ಕಣವ್ವ. ಈ ಸಲ ಹೋದ್ರೆ ವಾಪಸ್ ಬರಲ್ಲ. ನೀನು ಬಾ."

"ಬರ್ತೀನಿ ಮಾವ."

"ಬರ್ತೀನಿ ಅಂದ್ಯಾ?"

"ಬರ್ತೀನಿ ಅಂದೆ."

"ಸರಿ, ಬಾ."

ಭಾನುವಾರ ಬಸ್ಸಿನಲ್ಲಿ ಕೂತಾಗ ನನಗೆ ನಗು ಬರಲಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ಕೆಡುವ ಮುಂಚೆ ಕಟಕಟ ನರಳಿ ಸೂಚನೆಯನ್ನಾದರೂ ಕೊಡುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗಿಬಿಡುವುದುಂಟು. ಅತ್ತೆ ತಿಂಗಳುಗಟ್ಟಲೆ ಕೂಡಿಸಿದ ಮಾತೆಲ್ಲ ಅದರಲ್ಲೇ ಇತ್ತು. ನಾನು ಮುಟ್ಟಿದಾಗಲೇ ಅದು ಹೋದರೆ? ಬಸ್ಸು ಪ್ರತಿ ಉಬ್ಬಿನಲ್ಲಿ ಎಗರಿದಾಗಲೂ ಬ್ಯಾಗಿನಲ್ಲಿದ್ದ ಪೆನ್‌ಡ್ರೈವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮಾವನ ಮನೆ ಸೇರಿ, ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆ. ವೇಗ ಅಳೆದು ನೋಡಿದರೆ ಡಿಸ್ಕಿನಲ್ಲಿ ದೋಷವೇ ಇಲ್ಲ. ಹಾಗಾದರೆ ಡಿಸ್ಕನ್ನು ನಡೆಸುವ ಡ್ರೈವರ್ ಹಳತಾಗಿರಬೇಕು ಎನಿಸಿತು.

"ಹೊಸ ಡ್ರೈವರ್ ಹಾಕ್ಬೇಕು ಮಾವ."

"ಈ ಲೈನು ಗೊತ್ತಿರೋನೇನಮ್ಮ?"

ಹೂಂ ಎಂದು ಹಾಕಿದೆ. ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳಬೇಕು. ಆರಿತು. ಹೊತ್ತಿಕೊಳ್ಳಲಿಲ್ಲ. ಪರದೆ ಕರ್ರಗೆ ನಿಂತಿತು.

"ಎಲ್ಲಿಗೆ ಬಂತು?" ಎಂದರು ಮಾವ.

"ಇನ್ನೂ ಬಂದಿಲ್ಲ."

"ಹೊರಟೈತಾ, ಅದಾದ್ರೂ ಹೇಳು."

ಅಡುಗೆಮನೆ ಬಾಗಿಲಲ್ಲಿ ಅತ್ತೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಬೇಡ ಎಂದು ಮುಚ್ಚಿಟ್ಟವರಿಗೂ ಆಸೆ ಇತ್ತು ಎಂದು ಆಗ ತಿಳಿಯಿತು, ನನ್ನ ಹೆದರಿಕೆ ಇನ್ನೂ ಹೆಚ್ಚಿತು. ಕೊನೆಗೂ ಪರದೆ ಬೆಳಗಿತು. ಟೈಪ್ ಮಾಡಿ ನೋಡಿದರೆ ಮಾತು ಅಷ್ಟೇ ತಡ. ಮಾವ ಗೋಡೆಗೊರಗಿ ಕುಂತುಬಿಟ್ಟರು.

ಏನು ಮಾಡಲೂ ತೋಚದೆ ಸುಮ್ಮನೆ ಏನೇನೋ ಒತ್ತುತ್ತ ಕೂತೆ. ಒಂದೇ ಸಮ ಟೈಪ್ ಮಾಡಿದರೆ ಮಾತು ಥಟ್ಟನೆ ಬರುತ್ತಿತ್ತು. ಸ್ವಲ್ಪ ನಿಂತು ಯೋಚಿಸಿ ಒತ್ತಿದರೆ ಮಾತ್ರ ತಡ. ಅಂದರೆ ನಾವು ಸುಮ್ಮನಾದ ಕೂಡಲೇ ಡಿಸ್ಕ್ ನಿದ್ದೆ ಹೋಗುತ್ತಿದೆ! ಕೆದಕಿ ನೋಡಿದೆ. ಕೆಲಸವಿಲ್ಲದ ಕ್ಷಣವೇ ಡಿಸ್ಕ್ ಮಲಗಬೇಕು ಎಂದು ಅದರ ಸೆಟ್ಟಿಂಗಿನಲ್ಲಿ ಯಾರೋ ಬದಲಾಯಿಸಿದ್ದರು. ಎಬ್ಬಿಸಿದಾಗಲೆಲ್ಲ ಅದು ಕಣ್ಣುಜ್ಜಿಕೊಂಡು ಏಳಬೇಕಿತ್ತು.

"ಇದನ್ಯಾರು ಮುಟ್ಟಿದ್ದು?"

ಮಾವ ನೆಲ ನೋಡಿದರು. "ನಾನೇ ಕಣವ್ವ. ಅಂಗಡಿ ಹುಡುಗನ್ನ ಕೇಳ್ಕಂಡು ಮಾಡ್ದೆ."

"ಯಾಕೆ ಮಾವ?"

"ನಿಂತ ಇಂಜಿನ್ನು ಸುಮ್ನೆ ಉರೀಬಾರ್ದು, ಸವೀತೈತೆ."

ಬೈಯಬೇಕೆಂದು ಬಾಯಿ ತೆರೆದೆ. ಅವರು ಇನ್ನೂ ಮುಗಿಸಿರಲಿಲ್ಲ. "ಆಪರೇಷನ್‌ಗೆ ಮುಂಚೆ ಡಾಕ್ಟ್ರು ದನಿಗೆ ರೆಸ್ಟ್ ಕೊಡಿ ಅಂದಿದ್ರು. ನಾನು ಕೊಡಿಸ್ಲಿಲ್ಲ. ಮಾತಿಗೆ ಮಾತು ಬೆಳೆಸ್ಕಂಡು ಕಿರುಚಾಡ್ಸಿದೆ. ಈ ದನಿಗಾದ್ರೂ ರೆಸ್ಟ್ ಸಿಗ್ಲಿ, ಅವಳು ಸುಮ್ನಿದ್ದಾಗೆಲ್ಲ ಮಲಗ್ಲಿ ಅಂತ..."

ತಲೆ ತಗ್ಗಿಸಿ ಆ ಸೆಟ್ಟಿಂಗನ್ನು ತೆಗೆದುಹಾಕಿದೆ. ತಲೆ ಎತ್ತಿದಾಗ ಅತ್ತೆ ಪಕ್ಕದಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು, ಬೆರಳನ್ನು ಗುಂಡಿಗಳ ಮೇಲೆ ಇಟ್ಟು ತುಸು ಹೊತ್ತು ಮಾವನ ಮುಖವನ್ನೇ ನೋಡಿದರು.

"ಅಲ್ಲ ಕಣೇ," ಎಂದು ಮಾವ ಶುರು ಮಾಡಿದರು, "ನಾನು ಏನಂದ್ಕಂಡೆ ಅಂದ್ರೆ, ನಿನ್ನ..."

"ಸಾಕು ಸುಮ್ನಿರ್ರಿ," ಎಂದಿತು ಯಂತ್ರ. ಅತ್ತೆಯ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

ಮಾವನ ಮಾತು ಗಕ್ಕನೆ ನಿಂತಿತು. ಬಾಯಿ ಅರ್ಧ ತೆರೆದೇ ಇತ್ತು. ಆಮೇಲೆ ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನೋಡಿದ್ಯೇನವ್ವ," ಎಂದರು, "ಒಂದು ಮಾತು ಪೂರ್ತಿ ಆಡಾಕೆ ಬಿಡಲ್ಲ ಇವಳು."